ಕಂಬಕ್ಕೆ ಕಟ್ಟುವ ಮುಂಚಿನ ಪಾಠ

(ಕುದುರೆ ಸಾಕುವವರು ಮತ್ತು ಸವಾರಿ ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕುದುರೆ ಪಳಗಿಸುವುದು ಅಂದ ಕೂಡಲೇ ಎಲ್ಲರ ಮನಸ್ಸು ಓಟದ ಕಡೆಗೆ ಹೋಗುತ್ತದೆ. ನಾಗಾಲೋಟ, ಅಡೆತಡೆ ಹಾರುವುದು, ಚುರುಕಾಗಿ ತಿರುಗುವುದು. ನಾನು ಇವತ್ತು ಮಾತಾಡುವುದು ಕುದುರೆ ನಿಲ್ಲುವುದರ ಬಗ್ಗೆ. ಕಂಬಕ್ಕೋ ಗೋಡೆಯ ಬಳೆಗೋ ಕಟ್ಟಿದ ಕುದುರೆ ಹಗ್ಗ ಜಗ್ಗದೆ, ನೆಲ ಕೆರೆಯದೆ, ಅತ್ತಿತ್ತ ತೂಗದೆ, ನಾವು ಬರುವವರೆಗೆ ನೆಮ್ಮದಿಯಾಗಿ ನಿಲ್ಲುವುದರ ಬಗ್ಗೆ. ಮೈ ಉಜ್ಜುವುದು, ಗೊರಸು ಎತ್ತಿ ಶುಚಿ ಮಾಡುವುದು, ಲಾಳ ಕಟ್ಟಿಸುವುದು, ಜೀನು ಹಾಕುವುದು, ಪಶುವೈದ್ಯರು ಬಂದಾಗ ಸೂಜಿ ಹಾಕಿಸುವುದು, ಇಷ್ಟೂ ನಿಂತಲ್ಲೇ ಆಗಬೇಕಾದ ಕೆಲಸಗಳು. ನಿಲ್ಲಲು ಬಾರದ ಕುದುರೆಯ ಜತೆ ಇವೆಲ್ಲ ದಿನವೂ ಗುದ್ದಾಟವಾಗುತ್ತವೆ. ಕುದುರೆಗೂ ಸಾಕಾಗುತ್ತದೆ, ಮನುಷ್ಯರಿಗೂ ಸಾಕಾಗುತ್ತದೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಕಂಬ ಯಾವ ಕುದುರೆಗೂ ಏನನ್ನೂ ಕಲಿಸುವುದಿಲ್ಲ. ಹಗ್ಗ ನಮ್ಮ ಕೈಯಲ್ಲಿದ್ದಾಗ ಕುದುರೆ ಏನು ಕಲಿತಿದೆಯೋ ಅದನ್ನು ಕಂಬ ಪರೀಕ್ಷೆ ಮಾಡುತ್ತದೆ. ಪಾಠವೇ ಆಗದ ವಿದ್ಯಾರ್ಥಿಯನ್ನು ಪರೀಕ್ಷೆಗೆ ಕೂರಿಸಿ, ಫೇಲಾದ ಅಂತ ಹೊಡೆಯುವ ಕೆಲಸವನ್ನು ನಾವು ಕುದುರೆಗಳ ವಿಷಯದಲ್ಲಿ ಬಹಳ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ.

ನೀವೆಲ್ಲ ಕೇಳಿರುವ ಒಂದು ಸಲಹೆ ಇದೆ. "ಅಲುಗಾಡದ ಕಂಬಕ್ಕೆ, ಹರಿಯದ ಹಗ್ಗದಲ್ಲಿ ಕಟ್ಟಿಬಿಡಿ. ಜಗ್ಗುವಷ್ಟು ಜಗ್ಗಲಿ. ಸೋತಮೇಲೆ ತಾನೇ ಸುಮ್ಮನಾಗುತ್ತದೆ." ಇದನ್ನು ಹೇಳುವವರಲ್ಲಿ ಕುದುರೆಗಳನ್ನು ಪ್ರೀತಿಸುವವರೂ ಇದ್ದಾರೆ, ದಶಕಗಳ ಅನುಭವ ಇರುವವರೂ ಇದ್ದಾರೆ. ಆದರೂ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ, ಕುದುರೆ ಹಿಂದಕ್ಕೆ ಜಗ್ಗುವ ಆ ಕೆಲವು ಸೆಕೆಂಡುಗಳಲ್ಲಿ ಏನೇನಾಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು.

ಕುದುರೆ ಕಟ್ಟಿಸಿಕೊಂಡು ನಿಂತಿದೆ ಅಂದುಕೊಳ್ಳಿ. ಎಲ್ಲೋ ಒಂದು ಪ್ಲಾಸ್ಟಿಕ್ ಚೀಲ ಗಾಳಿಗೆ ಪಟಪಟ ಅನ್ನುತ್ತದೆ. ಕಿವಿ ನೆಟ್ಟಗಾಗುತ್ತವೆ, ತಲೆ ಮೇಲೇಳುತ್ತದೆ, ಒಂದು ಹೆಜ್ಜೆ ಹಿಂದಕ್ಕೆ ಇಡುತ್ತದೆ. ಇಲ್ಲಿಯವರೆಗೆ ಇದು ಸಣ್ಣ ಬೆದರು. ಸಡಿಲಾಗಿ ಬಿಟ್ಟಿದ್ದರೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿ ಸುಮ್ಮನಾಗುತ್ತಿತ್ತು. ಆದರೆ ಆ ಒಂದು ಹೆಜ್ಜೆಗೆ ಹಗ್ಗ ಬಿಗಿಯಾಗಿ, ಹಾಲ್ಟರಿನ (ಹಗ್ಗ ಸಿಕ್ಕಿಸಲು ಕುದುರೆಯ ತಲೆಗೆ ತೊಡಿಸುವ, ಕಡಿವಾಣವಿಲ್ಲದ ಪಟ್ಟಿಗಳ ಜೋಡಣೆ) ಪಟ್ಟಿ ನೆತ್ತಿಯನ್ನು, ಅಂದರೆ ಎರಡು ಕಿವಿಗಳ ಹಿಂದಿನ ಜಾಗವನ್ನು, ಒತ್ತುತ್ತದೆ. ಈಗ ಕುದುರೆಗೆ ಚೀಲ ಮರೆತೇ ಹೋಯಿತು. ತಲೆಯನ್ನು ಏನೋ ಹಿಡಿದುಕೊಂಡಿದೆ ಅನ್ನುವ ಎರಡನೆಯ ಭಯ ಶುರುವಾಯಿತು. ಈ ಎರಡನೆಯ ಭಯವೇ ಅಪಾಯಕಾರಿ. ಹಿಂಗಾಲು ಹೊಟ್ಟೆಯಡಿಗೆ ತಂದು, ಪೃಷ್ಠ ತಗ್ಗಿಸಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕುತ್ತದೆ. ಮಧ್ಯಮ ಗಾತ್ರದ ಕುದುರೆಯ ತೂಕ 400ರಿಂದ 600 ಕಿಲೋ. ಅಷ್ಟೂ ತೂಕ ಎರಡು ಬೆರಳಗಲದ ಪಟ್ಟಿಯ ಮೂಲಕ ನೆತ್ತಿಯ ಮೇಲೆ ಬೀಳುತ್ತದೆ.

ಮುಂದೆ ಎರಡೇ ದಾರಿ. ಏನಾದರೂ ಹರಿಯಬೇಕು, ಇಲ್ಲವೇ ಹರಿಯಬಾರದು.

ಹರಿದರೆ, ಹಿಂದಕ್ಕೆ ಜಗ್ಗುತ್ತಿದ್ದ ಕುದುರೆ ಅದೇ ರಭಸದಲ್ಲಿ ಕೂತುಬಿಡಬಹುದು ಅಥವಾ ಅಂಗಾತ ಬೀಳಬಹುದು. ನೆತ್ತಿ ನೆಲಕ್ಕೆ ಬಡಿದರೆ ತಲೆಬುರುಡೆಯ ಬುಡದ ಎಲುಬು ಮುರಿದು ಕುದುರೆ ಸಾಯುವುದುಂಟು. ಏನೂ ಆಗದೆ ಬಚಾವಾಯಿತು ಅಂತಿಟ್ಟುಕೊಳ್ಳಿ. ಆಗ ಅದು ಒಂದು ಪಾಠ ಕಲಿತಿರುತ್ತದೆ: ಜೀವ ಬಿಟ್ಟು ಜಗ್ಗಿದರೆ ಬಿಡುಗಡೆ ಸಿಗುತ್ತದೆ. ಕುದುರೆಗೆ ಇಂಥ ಪಾಠ ಒಂದು ಸಲಕ್ಕೇ ಅಂಟಿಕೊಳ್ಳುತ್ತದೆ.

ಹರಿಯದಿದ್ದರೆ, ಕತ್ತಿನ ಸ್ನಾಯುಗಳು, ನೆತ್ತಿಯಿಂದ ಬೆನ್ನಿನವರೆಗೆ ಹಾದುಹೋಗುವ ದಪ್ಪ ಅಸ್ಥಿರಜ್ಜು, ತಲೆ ಕತ್ತಿಗೆ ಸೇರುವ ಮೊದಲ ಕಶೇರುಗಳು, ಇವೆಲ್ಲ ಆ ಜಗ್ಗಾಟದ ಪೆಟ್ಟು ತಿನ್ನುತ್ತವೆ. ಕೆನ್ನೆಯ ಮೇಲೆ ಚರ್ಮದ ಕೆಳಗೇ ಹಾದುಹೋಗುವ ಮುಖದ ನರ ಹಾಲ್ಟರಿನ ಬಕಲ್‌ಗೆ ಸಿಕ್ಕಿ ಜಜ್ಜಿಹೋದರೆ ಒಂದು ಕಡೆಯ ತುಟಿ ಜೋತುಬೀಳುತ್ತದೆ. ಕಣ್ಣಿಗೆ ಕಾಣುವ ಗಾಯವೇನೂ ಇರದೆ, ತಿಂಗಳುಗಳ ನಂತರ "ಈ ಕುದುರೆ ಯಾಕೋ ಎಡಕ್ಕೆ ತಿರುಗುವುದಿಲ್ಲ", "ಕಿವಿ ಮುಟ್ಟಲು ಬಿಡುವುದಿಲ್ಲ" ಅಂತ ನಾವು ಗೊಣಗುತ್ತಿರುತ್ತೇವೆ. ಆ ನೋವು ಕಂಬದ ಹತ್ತಿರ ಹುಟ್ಟಿರಬಹುದು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

"ಆದರೆ ಕೊನೆಗೆ ಸುಮ್ಮನಾಯಿತಲ್ಲ" ಅನ್ನುವ ವಾದ ಇದೆ. ಸುಮ್ಮನಾಗುವುದರಲ್ಲಿ ಎರಡು ಬಗೆ ಇದೆ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಮನಶ್ಶಾಸ್ತ್ರದಲ್ಲಿ ಪ್ರಸಿದ್ಧ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳು, ಮುಂದೆ ಸುಲಭವಾಗಿ ಹಾರಿ ಪಾರಾಗಬಹುದಾದ ಜಾಗದಲ್ಲಿಟ್ಟರೂ ಪ್ರಯತ್ನವನ್ನೇ ಕೈಬಿಟ್ಟು ಬಿದ್ದುಕೊಂಡವು. ಜಗ್ಗಿ ಜಗ್ಗಿ ಸೋತ ಕುದುರೆಯಲ್ಲೂ ಇಂಥ ಶರಣಾಗತಿ ಕಾಣಬಹುದು. ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ, ರೆಪ್ಪೆ ಬಡಿಯುವುದು ಅಪರೂಪ, ಮೂಗಿನ ಹೊಳ್ಳೆಯ ಸುತ್ತ ಸುಕ್ಕು, ಗದ್ದ ಗಟ್ಟಿ, ನಾವು ಹತ್ತಿರ ಹೋದರೂ ಕಿವಿ ತಿರುಗುವುದಿಲ್ಲ. ನಿಜವಾಗಿ ನೆಮ್ಮದಿಯಾಗಿರುವ ಕುದುರೆ ಬೇರೆಯೇ. ಕೆಳತುಟಿ ಸಡಿಲ, ಕಿವಿಗಳು ಪಕ್ಕಕ್ಕೆ ವಾಲಿರುತ್ತವೆ, ತಲೆ ಬೆನ್ನಿನ ಮಟ್ಟಕ್ಕೆ ಇಳಿದಿರುತ್ತದೆ, ಒಂದು ಹಿಂಗಾಲಿನ ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿರುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ನಿಮಿಷಕ್ಕೆ 28ರಿಂದ 44 ಬಡಿತ. ದೂರದಿಂದ ನೋಡುವವರಿಗೆ ಎರಡೂ "ಸುಮ್ಮನೆ ನಿಂತ ಕುದುರೆ"ಯೇ. ಹತ್ತಿರ ಹೋಗಿ ಮುಖ ನೋಡುವುದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಿ.

ನಿಲ್ಲುವುದು ಕುದುರೆಯ ದೇಹಕ್ಕೆ ಕಷ್ಟದ ಕೆಲಸ ಅಂತ ಕೆಲವರು ತಿಳಿದಿದ್ದಾರೆ. ಅದರ ದೇಹ ನಿಲ್ಲುವುದಕ್ಕೆಂದೇ ಆಗಿದೆ. ಹಿಂಗಾಲಿನ ಮಂಡಿಚಿಪ್ಪು ತೊಡೆ ಎಲುಬಿನ ಉಬ್ಬಿಗೆ ಸಿಕ್ಕಿಸಿಕೊಂಡು ಬೀಗ ಹಾಕಿದ ಹಾಗೆ ಕೂರುತ್ತದೆ, ಸ್ನಾಯುಗಳಿಗೆ ಹೆಚ್ಚು ಶ್ರಮವಿಲ್ಲದೆ ಕುದುರೆ ನಿಂತೇ ತೂಕಡಿಸುತ್ತದೆ. ತೊಡಕು ಇರುವುದು ಮನಸ್ಸಿನಲ್ಲಿ. ಕುದುರೆಯ ಲೆಕ್ಕದಲ್ಲಿ ಓಡಲು ಆಗದಿರುವುದು ಒಂದು ಅಪಾಯ, ಒಂಟಿಯಾಗಿರುವುದು ಇನ್ನೊಂದು ಅಪಾಯ. ಕಟ್ಟಿದಾಗ ಎರಡೂ ಒಟ್ಟಿಗೆ ಬರುತ್ತವೆ. ಅದಕ್ಕೇ ಪಾಠದಲ್ಲೂ ಎರಡು ಭಾಗ. ಮೊದಲನೆಯದು, ಹಗ್ಗ ಬಿಗಿಯಾದಾಗ ಬಿಡುಗಡೆ ಎಲ್ಲಿ ಸಿಗುತ್ತದೆ ಅಂತ ಕಲಿಸುವುದು. ಎರಡನೆಯದು, ಒಂದೇ ಕಡೆ ಒಂಟಿಯಾಗಿ ನಿಂತರೂ ಏನೂ ಆಗುವುದಿಲ್ಲ ಅಂತ ಮನವರಿಕೆ ಮಾಡಿಕೊಡುವುದು.

ಮೊದಲ ಪಾಠಕ್ಕೆ ಬೇಕಾದದ್ದು ಸರಿಯಾಗಿ ಕೂರುವ ಹಾಲ್ಟರ್, ಮೂರೂವರೆಯಿಂದ ನಾಲ್ಕು ಮೀಟರ್ ಉದ್ದದ ದಪ್ಪ ಹತ್ತಿ ಹಗ್ಗ, ಮತ್ತು ಅವಸರವಿಲ್ಲದ ಮನಸ್ಸು. ಕುದುರೆಯ ಕತ್ತಿನ ಪಕ್ಕಕ್ಕೆ ನಿಂತು ಹಗ್ಗವನ್ನು ಮುಂದಕ್ಕೆ ಬಿಗಿ ಮಾಡಿ. ಎಳೆಯಬೇಡಿ, ಜರ್ಕ್ ಕೊಡಬೇಡಿ. ಹಗ್ಗದ ಸಡಿಲು ಹೋಗುವಷ್ಟು ಬಿಗಿ ಮಾಡಿ, ಅಲ್ಲೇ ಹಿಡಿದು ಕಾಯಿರಿ. ಕುದುರೆ ಮೊದಲು ಎದುರೊತ್ತುತ್ತದೆ, ಒತ್ತಿದ ಕಡೆಗೇ ಮೈ ಒಡ್ಡುವುದು ಅದರ ಹುಟ್ಟುಗುಣ. ತಲೆ ಎತ್ತುತ್ತದೆ, ಪಕ್ಕಕ್ಕೆ ತಿರುಗಿಸುತ್ತದೆ. ನಿಮ್ಮ ಕೈ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಹೀಗೆ ಹುಡುಕಾಡುವಾಗ ಒಂದು ಕ್ಷಣ ಅದರ ಭಾರ ಮುಂದಕ್ಕೆ ವಾಲುತ್ತದೆ. ಹೆಜ್ಜೆ ಇನ್ನೂ ಎತ್ತಿರುವುದಿಲ್ಲ, ಎದೆ ಮಾತ್ರ ಒಂದಿಷ್ಟು ಮುಂದೆ ಬಂದಿರುತ್ತದೆ, ಹಗ್ಗ ಕೂದಲೆಳೆಯಷ್ಟು ಹಗುರವಾಗಿರುತ್ತದೆ. ಆ ಕ್ಷಣವೇ ಕೈ ಬಿಟ್ಟುಬಿಡಬೇಕು. ಪೂರ್ತಿ ಬಿಟ್ಟು, ಹಗ್ಗ ಜೋತುಬೀಳುವ ಹಾಗೆ. ಕಲಿಕೆ ಆಗುವುದು ಒತ್ತಡ ಹಾಕಿದಾಗ ಅಂತ ತುಂಬಾ ಜನ ನಂಬಿದ್ದಾರೆ. ಕುದುರೆ ಕಲಿಯುವುದು ಒತ್ತಡ ಹೋದ ಗಳಿಗೆಯಲ್ಲಿ. ಹೋಗುವ ಮುಂಚೆ ತಾನು ಏನು ಮಾಡಿದೆ ಅನ್ನುವುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ನೀವು ಎರಡು ಸೆಕೆಂಡ್ ತಡ ಮಾಡಿದರೆ, ಅಷ್ಟರಲ್ಲಿ ಅದು ತಲೆ ಎತ್ತಿರುತ್ತದೆ, ತಲೆ ಎತ್ತಿದ್ದಕ್ಕೇ ಬಿಡುಗಡೆ ಸಿಕ್ಕಿತು ಅಂದುಕೊಳ್ಳುತ್ತದೆ.

ಇದನ್ನೇ ಎಡಕ್ಕೆ, ಬಲಕ್ಕೆ, ಕೆಳಕ್ಕೆ ಮಾಡಿ. ಕೆಳಕ್ಕೆ ಮಾಡುವುದನ್ನು ಬಿಡಬೇಡಿ. ನೆತ್ತಿಯ ಮೇಲೆ ಪಟ್ಟಿ ಒತ್ತಿದಾಗ ತಲೆ ತಗ್ಗಿಸಬೇಕು, ಆಮೇಲೆ ಮುಂದೆ ಒಂದು ಹೆಜ್ಜೆ ಇಡಬೇಕು. ನಾಳೆ ಕಂಬದ ಹತ್ತಿರ ಪಟ್ಟಿ ಒತ್ತಿದಾಗ ಕುದುರೆಯನ್ನು ಕಾಪಾಡುವುದು ಈ ಎರಡು ಚಲನೆಗಳೇ. ಬೆರಳಿನಷ್ಟು ಬಿಗಿಗೆ ಅದು ತಾನಾಗಿ ಮುಂದೆ ಬರುವವರೆಗೆ ಇದನ್ನು ಮಾಡಿ. ಒಂದು ಸಲಕ್ಕೆ ಹತ್ತು ನಿಮಿಷ ಸಾಕು, ಬೇಸರ ಬರುವ ಮೊದಲೇ ನಿಲ್ಲಿಸಿ.

ಮೈದಾನದಲ್ಲಿ ಶಾಂತವಾಗಿದ್ದಾಗ ಕಲಿತದ್ದು ಬೆದರಿದಾಗ ನೆನಪಾಗುತ್ತದೆಯೇ? ಅದನ್ನೂ ಕೈಯಲ್ಲೇ ನೋಡಿಕೊಳ್ಳಬೇಕು. ಸ್ವಲ್ಪ ದೂರದಲ್ಲಿ ಇನ್ನೊಬ್ಬರು ಟವೆಲ್ ಒದರಲಿ, ಬಕೆಟ್ ಸದ್ದು ಮಾಡಲಿ. ಕುದುರೆ ತಲೆ ಎತ್ತಿ ಹಿಂದೆ ಸರಿದಾಗ ನೀವೂ ಹಗ್ಗದ ಜತೆ ಒಂದೆರಡು ಹೆಜ್ಜೆ ಹೋಗಿ, ಹಗುರವಾಗಿ ಬಿಗಿ ಮಾಡಿ, ಮುಂದೆ ಬಂದ ತಕ್ಷಣ ಬಿಡಿ. ಸದ್ದು ದೂರದಿಂದ ಹತ್ತಿರಕ್ಕೆ, ಸಣ್ಣದರಿಂದ ದೊಡ್ಡದಕ್ಕೆ ಬರಲಿ. ಕುದುರೆಯನ್ನು ಹೆದರಿಸಲು ಇದನ್ನು ಮಾಡುತ್ತಿಲ್ಲ. ಬೆದರಿದಾಗಲೂ ಹಗ್ಗದ ಕಡೆಗೆ ಬಂದರೆ ಒಳ್ಳೆಯದೇ ಆಗುತ್ತದೆ ಅನ್ನುವುದು ಅದಕ್ಕೆ ಅಭ್ಯಾಸವಾಗಬೇಕು, ಅಷ್ಟೇ.

ಇದರ ಜತೆಗೇ ಸುಮ್ಮನೆ ನಿಲ್ಲುವುದನ್ನು ಕಲಿಸಿ. ಹಗ್ಗ ಸಡಿಲ ಬಿಟ್ಟು, ನೀವು ಒಂದು ಹೆಜ್ಜೆ ದೂರ ನಿಲ್ಲಿ. ಕುದುರೆ ಕಾಲು ಎತ್ತಿಟ್ಟರೆ ಬೈಯಬೇಡಿ, ಎಲ್ಲಿತ್ತೋ ಅದೇ ಜಾಗಕ್ಕೆ ತಂದು ನಿಲ್ಲಿಸಿ. ನಿಂತಾಗ ಕತ್ತು ಬೆನ್ನಿಗೆ ಸೇರುವ ಉಬ್ಬಿನ ಮೇಲೆ ತುರಿಸಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ತುರಿಸಿದರೆ ಹೃದಯದ ಬಡಿತ ಇಳಿಯುತ್ತದೆ ಅಂತ ಅಳೆದು ನೋಡಿದವರು ತೋರಿಸಿದ್ದಾರೆ. ಕೆನ್ನೆ ತಟ್ಟುವುದು, ಕತ್ತಿಗೆ ಪಟಪಟ ಹೊಡೆಯುವುದು ನಮಗೆ ಪ್ರೀತಿ ಅನ್ನಿಸುತ್ತದೆ, ಕುದುರೆಗೆ ಅದರಲ್ಲಿ ಅಂಥ ಸುಖವೇನೂ ಇಲ್ಲ.

ಇನ್ನು ಕಂಬಕ್ಕೆ ಬರೋಣ. ಮೊದಲ ಸಲ ಕಟ್ಟುವುದೇ ಇಲ್ಲ. ಅದೇ ಉದ್ದನೆಯ ಹಗ್ಗವನ್ನು ನುಣುಪಾದ ಕಬ್ಬಿಣದ ಬಳೆಯೊಳಗೆ ತೂರಿಸಿ, ತುದಿಯನ್ನು ನಿಮ್ಮ ಕೈಯಲ್ಲಿ ಇಟ್ಟುಕೊಂಡು, ಕುದುರೆಯ ಭುಜದ ಪಕ್ಕಕ್ಕೆ ಸ್ವಲ್ಪ ದೂರ ನಿಲ್ಲಿ. ಕೈಗೆ ಗ್ಲೌಸ್ ಇರಲಿ, ಹಗ್ಗವನ್ನು ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬೇಡಿ. ಕುದುರೆ ಹಿಂದೆ ಸರಿದರೆ ಹಗ್ಗ ಬಳೆಯಲ್ಲಿ ಉಜ್ಜಿಕೊಂಡು ನಿಧಾನವಾಗಿ ಜಾರುತ್ತದೆ. ಒತ್ತಡ ಇರುತ್ತದೆ, ಆದರೆ ಸಿಕ್ಕಿಬಿದ್ದೆ ಅನ್ನುವ ಭಾವ ಬರುವುದಿಲ್ಲ. ಎರಡನೆಯ ಭಯ ಹುಟ್ಟುವುದಕ್ಕೆ ಅವಕಾಶವೇ ಇಲ್ಲ. ಎರಡು ಮೂರು ಹೆಜ್ಜೆ ಹೋಗಿ ನಿಲ್ಲುತ್ತದೆ. ಹಿಂದಿನಿಂದ ನಾಲಿಗೆ ಲೊಚಗುಟ್ಟಿಸಿ ಮುಂದೆ ಕಳಿಸಿ, ಮುಂದೆ ಬಂದಾಗ ಹಗ್ಗ ಸಡಿಲ. ಈ ಕೆಲಸವನ್ನು ತಾನೇ ಮಾಡುವ, ಹಗ್ಗ ಬಿಗಿಯಾಗಿಯೇ ನಿಧಾನವಾಗಿ ಜಾರುವಂತೆ ಮಧ್ಯೆ ನಾಲಿಗೆಯಂಥ ಸಣ್ಣ ಲೋಹದ ಕಡ್ಡಿ ಇರುವ ಬಳೆಗಳು ಸಿಗುತ್ತವೆ. ಮರಿಗಳಿಗೂ ಹೊಸ ಕುದುರೆಗಳಿಗೂ ನಾನು ಅವನ್ನೇ ಮೆಚ್ಚುತ್ತೇನೆ.

ಕುದುರೆ ಬಳೆಯ ಹತ್ತಿರ ತೂಕಡಿಸತೊಡಗಿದ ಮೇಲೆ ಗಂಟು ಹಾಕಬಹುದು. ಎಲ್ಲಿ, ಎಷ್ಟು ಎತ್ತರಕ್ಕೆ, ಎಷ್ಟು ಉದ್ದಕ್ಕೆ? ನೆಲದಲ್ಲಿ ಆಳಕ್ಕೆ ಹೂತ ಕಂಬ ಅಥವಾ ಗೋಡೆಯೊಳಗೆ ಕೂರಿಸಿದ ಬಳೆ ಒಳ್ಳೆಯದು. ಗೇಟು, ಬಾಗಿಲು, ಬೇಲಿಯ ಅಡ್ಡಪಟ್ಟಿ, ನಿಂತ ಗಾಡಿಯ ಕನ್ನಡಿ, ಇವಕ್ಕೆ ಕಟ್ಟಬಾರದು. ಕಿತ್ತು ಬಂದ ಅಡ್ಡಪಟ್ಟಿ ಬೆನ್ನಟ್ಟಿ ಬರುತ್ತಿದ್ದರೆ ಕುದುರೆ ಎಲ್ಲಿಗೆ ಓಡಬೇಕು? ಗಂಟು ಕುದುರೆಯ ಬೆನ್ನಿನ ಉಬ್ಬಿನ ಮಟ್ಟಕ್ಕೋ ಅದಕ್ಕಿಂತ ತುಸು ಮೇಲೋ ಇರಲಿ. ತಗ್ಗಿನಲ್ಲಿ ಕಟ್ಟಿದರೆ ಜಗ್ಗಿದಾಗ ಕತ್ತಿಗೆ ಬೀಳುವ ಪೆಟ್ಟು ಹೆಚ್ಚು, ಕಾಲು ಹಗ್ಗದ ಆಚೆಗೆ ಹೋಗುವ ಅಪಾಯವೂ ಇದೆ. ಗಂಟಿನಿಂದ ಹಾಲ್ಟರಿನವರೆಗೆ ನಿಮ್ಮ ಒಂದು ತೋಳಿನ ಉದ್ದ ಸಾಕು.

ಗಂಟಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಗ್ಗದ ತುದಿಯನ್ನು ಬಳೆಯೊಳಗೆ ತೂರಿಸಿ ಈಚೆಗೆ ತನ್ನಿ. ತುದಿಯ ಕಡೆಯ ಹಗ್ಗದಲ್ಲಿ ಒಂದು ಕುಣಿಕೆ ಮಾಡಿ, ಕುದುರೆಯ ಕಡೆಯ ಹಗ್ಗದ ಮೇಲೆ ಅಡ್ಡ ಇಡಿ. ಉಳಿದ ತುದಿಯನ್ನು ಮಡಚಿ, ಆ ಮಡಿಕೆಯನ್ನು ಕುದುರೆಯ ಕಡೆಯ ಹಗ್ಗದ ಹಿಂಬದಿಯಿಂದ ತಂದು ಕುಣಿಕೆಯೊಳಗೆ ತೂರಿಸಿ ಬಿಗಿ ಮಾಡಿ. ತುದಿಯನ್ನು ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು. ಗಂಟು ಹಾಕುವಾಗ ಬೆರಳು ಕುಣಿಕೆಯೊಳಗೆ ಇರಬಾರದು. ಅದೇ ಹೊತ್ತಿಗೆ ಕುದುರೆ ತಲೆ ಎಳೆದುಕೊಂಡು ಬೆರಳು ಕಳೆದುಕೊಂಡವರಿದ್ದಾರೆ. ಹಲ್ಲಿನಿಂದ ತುದಿ ಎಳೆದು ಗಂಟು ಬಿಚ್ಚಿಕೊಳ್ಳುವ ಜಾಣ ಕುದುರೆಗಳೂ ಇವೆ, ಅವಕ್ಕೆ ತುದಿಯನ್ನು ಮಡಿಕೆಯೊಳಗೆ ಹಾಯಿಸಿ ಇಡಬೇಕು. ಒಂದು ಎಚ್ಚರ: ಕುದುರೆ ಪೂರ್ತಿ ಭಾರ ಹಾಕಿ ಜಗ್ಗಿದರೆ ಈ ಗಂಟೂ ಬಿಗಿದುಕೊಂಡು ಬಿಚ್ಚದಿರಬಹುದು. ಕಟ್ಟುವ ಜಾಗದ ಹತ್ತಿರ ಕೈಗೆ ಸಿಗುವಂತೆ ಒಂದು ಹರಿತವಾದ ಚಾಕು ಇರಲೇಬೇಕು.

ಬಳೆಗೂ ಹಗ್ಗಕ್ಕೂ ನಡುವೆ ತೆಳು ಹುರಿಯ ಕುಣಿಕೆ ಹಾಕಬೇಕೇ ಬೇಡವೇ ಅನ್ನುವುದು ಕುದುರೆಯವರ ನಡುವೆ ಮುಗಿಯದ ಜಗಳ. ಹಾಕಿದರೆ ಕುದುರೆ ಹರಿದುಕೊಳ್ಳುವುದನ್ನು ಕಲಿಯುತ್ತದೆ ಅನ್ನುತ್ತಾರೆ ಒಂದು ಕಡೆಯವರು. ಹಾಕದಿದ್ದರೆ ಕತ್ತು ಹೋಗುತ್ತದೆ ಅನ್ನುತ್ತಾರೆ ಇನ್ನೊಂದು ಕಡೆಯವರು. ಇಬ್ಬರ ಮಾತಲ್ಲೂ ನಿಜ ಇದೆ. ನನ್ನ ನಿಲುವು ಇಷ್ಟು: ಹುರಿ ಇರುವುದು ಜೀವ ಉಳಿಸಲಿಕ್ಕೆ, ಅದರಿಂದ ಪಾಠ ಮಾಡಿಸಲು ಹೋಗಬೇಡಿ. ಕಲಿಯುತ್ತಿರುವ ಕುದುರೆಗೆ ಜಾರುವ ಹಗ್ಗ ಕೊಡಿ. ಕಲಿತ ಕುದುರೆಗೆ ಹುರಿ ಹಾಕಿ, ಅದು ವರ್ಷಗಟ್ಟಲೆ ಹರಿಯದೆ ಹಾಗೇ ಇರುತ್ತದೆ. ಹುಲ್ಲಿನ ಕಂತೆಗೆ ಬರುವ ಪ್ಲಾಸ್ಟಿಕ್ ಹುರಿ ಹಾಕಿ ಸುರಕ್ಷಿತ ಅಂದುಕೊಳ್ಳಬೇಡಿ. ಅದು ಹಗ್ಗಕ್ಕಿಂತ ಗಟ್ಟಿ ಇರಬಹುದು. ನಾರಿನ ಹುರಿ ಇರಲಿ, ಅದನ್ನೂ ಎಳೆ ಬಿಡಿಸಿ ತೆಳುವಾಗಿಸಿ. ನೆತ್ತಿಯ ಭಾಗ ಮಾತ್ರ ಚರ್ಮದ್ದಾಗಿರುವ ಹಾಲ್ಟರ್ ಕೂಡ ಇದೇ ಕೆಲಸ ಮಾಡುತ್ತದೆ.

ಲಗಾಮಿನಿಂದ ಕುದುರೆಯನ್ನು ಕಟ್ಟಬೇಡಿ, ಐದು ನಿಮಿಷಕ್ಕೂ ಬೇಡ. ಜಗ್ಗಿದರೆ ಕಡಿವಾಣ ನಾಲಿಗೆಯನ್ನೂ ದವಡೆಯನ್ನೂ ಸೀಳುತ್ತದೆ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಗ್ರೀಕ್ ಸೇನಾನಿ ಕ್ಸೆನೊಫೋನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಲಾಯದ ಆಳಿಗೆ ಹೇಳಿಕೊಡಬೇಕಾದ ಸಂಗತಿಗಳನ್ನು ಬರೆದಿದ್ದಾನೆ. ತಲೆಯ ಪಟ್ಟಿ ಕೂರುವ ಜಾಗದಲ್ಲಿ ಗಂಟು ಇರಬಾರದು, ಕುದುರೆ ಗೋದಲಿಗೆ ತಲೆ ಉಜ್ಜಿದಾಗ ಕಿವಿಯ ಹತ್ತಿರ ಹುಣ್ಣಾಗುತ್ತದೆ, ಹುಣ್ಣಾದ ಕುದುರೆ ಕಡಿವಾಣ ತೊಡಿಸಲು ಹೋದಾಗ ಸಿಡುಕುತ್ತದೆ ಅನ್ನುತ್ತಾನೆ. ಎಷ್ಟು ಸೂಕ್ಷ್ಮವಾಗಿ ನೋಡಿದ್ದಾನೆ ನೋಡಿ! ನಿಲ್ಲದ ಕುದುರೆಗೆ ಕೆಟ್ಟ ಬುದ್ಧಿ ಅಂತ ಹಣೆಪಟ್ಟಿ ಹಚ್ಚುವ ಮೊದಲು ಹಾಲ್ಟರಿನ ಅಡಿಗೆ ಕೈ ಹಾಕಿ ನೋಡಬೇಕು. ಹಲ್ಲು, ಕಣ್ಣು, ಕತ್ತು, ಹೊಟ್ಟೆಯ ಹುಣ್ಣು, ಇವನ್ನು ವೈದ್ಯರಿಗೆ ತೋರಿಸಬೇಕು. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಮಾತ್ರ ಹಿಂದಕ್ಕೆ ಜಗ್ಗುವ ಕುದುರೆಗಳು ಎಷ್ಟೋ ಇವೆ. ಅವಕ್ಕೆ ಕಂಬದ ತಕರಾರೇ ಇಲ್ಲ, ಎದೆಯನ್ನು ಒಮ್ಮೆಲೇ ಬಿಗಿದದ್ದರ ತಕರಾರು. ಅಂಥವನ್ನು ಗಂಟು ಹಾಕದೆ ಹಗ್ಗ ಬಳೆಯಲ್ಲಿ ತೂರಿಸಿಟ್ಟು, ಪಟ್ಟಿಯನ್ನು ಮೂರು ನಾಲ್ಕು ಹಂತದಲ್ಲಿ, ನಡುವೆ ನಡೆಸಿಕೊಂಡು ಬಂದು ಬಿಗಿಯಿರಿ.

ಈಗ ಎರಡನೆಯ ಪಾಠ, ಒಂಟಿಯಾಗಿ ನಿಲ್ಲುವುದು. ಶುರುವಿನಲ್ಲಿ ಕುದುರೆಯ ಕಣ್ಣಿಗೆ ಬೀಳುವಂತೆ ಶಾಂತ ಸ್ವಭಾವದ ಇನ್ನೊಂದು ಕುದುರೆ ಇರಲಿ, ಒದೆಯಲು ಸಿಗದಷ್ಟು ದೂರದಲ್ಲಿ. ಕೆಲಸ ಮಾಡಿ ದಣಿದ ನಂತರ ಕಟ್ಟಿ. ಬೆಳಗ್ಗೆ ಲಾಯದಿಂದ ತಂದ ಕೂಡಲೇ, ಮೈಯೆಲ್ಲ ಓಡಲು ತುಡಿಯುತ್ತಿರುವಾಗ ಹೊಸ ಪಾಠ ಬೇಡ. ಮೊದಲು ಒಂದೆರಡು ನಿಮಿಷ, ಪಕ್ಕದಲ್ಲೇ ಇದ್ದು. ಆಮೇಲೆ ಐದು ನಿಮಿಷ, ಹತ್ತು ಹೆಜ್ಜೆ ದೂರದಲ್ಲಿದ್ದು. ಆಮೇಲೆ ನೀವು ಮೂಲೆ ತಿರುಗಿ ಮರೆಯಾಗಿ, ಕುದುರೆ ಕೆನೆಯುವ ಮೊದಲೇ ವಾಪಸ್ ಬನ್ನಿ. ಒಂದೇ ಜಾಗದಲ್ಲಿ ನಿಲ್ಲಲು ಕಲಿತದ್ದು ಬೇರೆ ಜಾಗಕ್ಕೆ ತಾನಾಗಿ ಬರುವುದಿಲ್ಲ, ಪ್ರತಿ ಹೊಸ ಜಾಗದಲ್ಲೂ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನೆಲ ಕೆರೆಯುವುದು ಎಲ್ಲರನ್ನೂ ಕಾಡುವ ವಿಷಯ. ಕುದುರೆ ಮುಂಗಾಲಿನಿಂದ ಕರಕರ ಕೆರೆಯುತ್ತದೆ, ನಾವು "ಏಯ್" ಅನ್ನುತ್ತ ಹೋಗುತ್ತೇವೆ. ಬೈಯುತ್ತ ಹೋದರೂ ಹೋದದ್ದೇ. ಕೆರೆದರೆ ಮನುಷ್ಯ ಬರುತ್ತಾನೆ ಅಂತ ಕುದುರೆಗೆ ಗೊತ್ತಾಗುತ್ತದೆ. ಕಾಲು ನೆಲದ ಮೇಲೆ ಇದ್ದಾಗ ಮಾತ್ರ ಹತ್ತಿರ ಹೋಗಿ. ಮೊದಮೊದಲು ಆ ಬಿಡುವು ಮೂರು ಸೆಕೆಂಡಿನದ್ದೇ ಆಗಿರಬಹುದು, ಅದನ್ನೇ ಹಿಡಿದುಕೊಳ್ಳಿ. ಕೆಲವು ದಿನ ಕೆರೆಯುವುದು ಇನ್ನೂ ಜೋರಾಗುತ್ತದೆ. ಹಿಂದೆ ಫಲ ಕೊಟ್ಟ ಉಪಾಯ ಈಗ ಕೊಡದಿದ್ದರೆ ಯಾವ ಪ್ರಾಣಿಯೂ ಒಂದಿಷ್ಟು ಹೆಚ್ಚು ಪ್ರಯತ್ನಿಸಿಯೇ ಕೈಬಿಡುವುದು. ಆ ಹೊತ್ತಿನಲ್ಲಿ ಮನಸ್ಸು ಕರಗಿ ಒಂದು ಸಲ ಹೋದಿರೋ, ಇನ್ನಷ್ಟು ಹಟ ಹಿಡಿದರೆ ಬರುತ್ತಾರೆ ಅಂತ ಕಲಿಸಿದಂತಾಯಿತು. ಹಾಗಂತ ಕುದುರೆ ನಡುಗುತ್ತಿದ್ದರೆ, ಬೆವರುತ್ತಿದ್ದರೆ, ಕಣ್ಣಿನ ಬಿಳಿ ಕಾಣುತ್ತಿದ್ದರೆ, ಎಡೆಬಿಡದೆ ಕೆನೆಯುತ್ತಿದ್ದರೆ ಅದು ಬೇಸರ ಆಗಿರುವುದಿಲ್ಲ, ಭಯ. ಭಯಪಟ್ಟ ಕುದುರೆಯ ಹತ್ತಿರ ಕೂಡಲೇ ಹೋಗಿ, ಪಾಠವನ್ನು ಎರಡು ಹೆಜ್ಜೆ ಹಿಂದಕ್ಕೆ ತನ್ನಿ. ಕೆರೆಯುವುದು ಹೊಟ್ಟೆನೋವಿನ ಲಕ್ಷಣವೂ ಹೌದು. ಕೆರೆಯುತ್ತ ಹೊಟ್ಟೆಯ ಕಡೆ ತಿರುಗಿ ನೋಡುತ್ತಿದ್ದರೆ, ಮಲಗಲು ಹವಣಿಸುತ್ತಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಸುಮ್ಮನೆ ನಿಲ್ಲುತ್ತದೆ ಅಂತ ದಿನವಿಡೀ ಕಟ್ಟಿ ಹಾಕುವುದನ್ನು ನಾನು ಖಂಡಿತ ವಿರೋಧಿಸುತ್ತೇನೆ. ಕುದುರೆಯ ಜಠರ 8ರಿಂದ 15 ಲೀಟರಿನಷ್ಟು ಚಿಕ್ಕದು, ಅದರಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಮೇವು ಬೀಳದೆ ಗಂಟೆಗಟ್ಟಲೆ ನಿಂತರೆ ಹುಣ್ಣಾಗುತ್ತದೆ. ತಲೆ ತಗ್ಗಿಸಲಾಗದಂತೆ ಬಹಳ ಹೊತ್ತು ಕಟ್ಟಿದರೆ ಶ್ವಾಸನಾಳದ ಕಫ ಹೊರಕ್ಕೆ ಹರಿಯದೆ ಸೋಂಕಾಗುತ್ತದೆ. ದೂರದ ಪ್ರಯಾಣದ ನಂತರ ಕುದುರೆಗಳಿಗೆ ನ್ಯುಮೋನಿಯಾ ಬರಲು ಇದು ಮುಖ್ಯ ಕಾರಣಗಳಲ್ಲಿ ಒಂದು. ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಬೇಕಾದರೆ ನೆರಳಿರಲಿ, ಹುಲ್ಲಿನ ಬಲೆ ಇರಲಿ, ನಡುವೆ ಬಿಚ್ಚಿ ನೀರು ಕುಡಿಸಿ, ತಲೆ ನೆಲದವರೆಗೆ ಇಳಿಸಲು ಬಿಡಿ. ಕಟ್ಟಿ ಊಟಕ್ಕೆ ಹೋಗಿ ಮಲಗಿಬಿಡುವುದು ಬೇಡ. ಕಟ್ಟಿದ ಕುದುರೆಯ ಮೇಲೆ ಯಾರಾದರೊಬ್ಬರ ಕಣ್ಣಿರಬೇಕು.

ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಮರಿಗೆ ಯಾವ ವಯಸ್ಸಿನಿಂದ ಕಲಿಸಬಹುದು ಅಂತ ಒಬ್ಬರು ಕೇಳಿದರು. ಹಗ್ಗದ ಹಗುರ ಒತ್ತಡಕ್ಕೆ ಬಗ್ಗುವುದನ್ನು ತಾಯಿಯ ಪಕ್ಕದಲ್ಲಿರುವಾಗಲೇ ಕಲಿಸಬಹುದು. ಆದರೆ ಮರಿಯನ್ನು ಗಟ್ಟಿಯಾಗಿ ಕಟ್ಟಬೇಡಿ, ಕತ್ತಿನ ಎಲುಬುಗಳು ಪೂರ್ತಿ ಬಲಿಯಲು ವರ್ಷಗಳೇ ಬೇಕು.

ಟ್ರೇಲರಿನಲ್ಲಿ ಕಟ್ಟುವ ಬಗ್ಗೆ ಇನ್ನೊಬ್ಬರು ಕೇಳಿದರು. ಅಲ್ಲಿ ಕ್ರಮ ತಪ್ಪಬಾರದು. ಹತ್ತಿಸುವಾಗ ಮೊದಲು ಹಿಂದಿನ ಅಡ್ಡಪಟ್ಟಿ ಹಾಕಿ, ಆಮೇಲೆ ತಲೆ ಕಟ್ಟಿ. ಇಳಿಸುವಾಗ ಮೊದಲು ತಲೆಯ ಹಗ್ಗ ಬಿಚ್ಚಿ, ಆಮೇಲೆ ಹಿಂದಿನ ಪಟ್ಟಿ ತೆಗೆಯಿರಿ. ಹಿಂದೆ ತೆರೆದಿದ್ದು ಮುಂದೆ ಕಟ್ಟಿದ್ದರೆ ಕುದುರೆ ಅರ್ಧ ಇಳಿದು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ, ಅಷ್ಟು ಸಣ್ಣ ಜಾಗದಲ್ಲಿ ಅದನ್ನು ಬಿಡಿಸುವುದು ಬಲು ಕಷ್ಟ.

ಕೊನೆಯ ಪ್ರಶ್ನೆ, ಈಗಾಗಲೇ ಹಗ್ಗ ಹರಿಯುವ ಚಟ ಹತ್ತಿದ ದೊಡ್ಡ ಕುದುರೆಯ ಬಗ್ಗೆ. ಜಗ್ಗುತ್ತಿರುವಾಗ ಅದರ ಮುಂದೆ ಹೋಗಿ ಕಿರುಚಬೇಡಿ, ಕುದುರೆಗೂ ಕಂಬಕ್ಕೂ ನಡುವೆ ನುಗ್ಗಬೇಡಿ. ಪಕ್ಕಕ್ಕೆ ಸರಿದು, ಸುರಕ್ಷಿತ ಅಂತರದಲ್ಲಿ ಅದರ ಹಿಂಭಾಗದ ಕಡೆಗೆ ಹೋಗಿ ಮುಂದಕ್ಕೆ ಕಳಿಸಿ. ಒಂದು ಹೆಜ್ಜೆ ಮುಂದೆ ಇಟ್ಟರೆ ಸಾಕು, ಹಗ್ಗ ಸಡಿಲಾಗಿ ಹೆಚ್ಚಿನ ಕುದುರೆಗಳು ಅಲ್ಲೇ ನಿಲ್ಲುತ್ತವೆ. ಬಿದ್ದಿದ್ದರೆ ಹಗ್ಗ ಕತ್ತರಿಸಿ. ಆಮೇಲೆ ಮೊದಲ ಪಾಠದಿಂದ, ಹೊಸ ಕುದುರೆಯೇ ಅನ್ನುವಂತೆ ಶುರು ಮಾಡಿ, ಜಾರುವ ಬಳೆಯಲ್ಲಿ ತಿಂಗಳುಗಟ್ಟಲೆ ಇರಲಿ. ಬಹಳಷ್ಟು ಕುದುರೆಗಳು ಸುಧಾರಿಸುತ್ತವೆ. ಕೆಲವು ಪೂರ್ತಿ ಸುಧಾರಿಸುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಅಂಥ ಕುದುರೆಯನ್ನು ಯಾವತ್ತೂ ಗಂಟು ಹಾಕಿ ಕಟ್ಟಬೇಡಿ. ಲಾಳ ಕಟ್ಟುವಾಗಲೂ ಒಬ್ಬರು ಕೈಯಲ್ಲಿ ಹಿಡಿದು ನಿಲ್ಲಲಿ. ಲಾಯದ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿ, ನೀವಿಲ್ಲದಾಗ ಬರುವವರಿಗೂ ಗೊತ್ತಾಗಬೇಕು. ಆ ಕುದುರೆಯನ್ನು ಬೇರೆಯವರಿಗೆ ಕೊಡುವಾಗ ಇದನ್ನು ಮುಚ್ಚಿಡದೆ ಹೇಳಿಯೇ ಕೊಡಿ.